ವಿಶ್ರಾಂತಿಗೆ ಬಗ್ಗದ ನೋವು

ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯ ಆಸುಪಾಸಿನಲ್ಲಿ ಜಿಮ್ಮುಗಳಿಗೂ ಬರವಿಲ್ಲ, ಫಿಸಿಯೋಥೆರಪಿ ಕ್ಲಿನಿಕ್ಕುಗಳಿಗೂ ಬರವಿಲ್ಲ. ವರ್ಷವಿಡೀ ಕುರ್ಚಿಯಲ್ಲಿ ಕೂತು, ಟೆನ್‌ ಕೆ ಓಟ ಹತ್ತಿರ ಬಂದಾಗ ದಿಢೀರನೆ ಓಡಲು ಹೊರಟವರು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿನ ನೋವು ಹಿಡಿದುಕೊಂಡು ಬರುತ್ತಾರೆ. ಎಷ್ಟು ದಿನ ರೆಸ್ಟ್ ಮಾಡಬೇಕು ಎಂದೇ ಮೊದಲು ಕೇಳುತ್ತಾರೆ. ಎಷ್ಟು ಭಾರ ಹೊರಿಸಬೇಕು ಎಂದು ಕೇಳಿದ್ದರೆ ಚೆನ್ನಾಗಿತ್ತು.

ಮಾಂಸಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹದವಾಗಿ ಭಾರ ಬಿದ್ದರೆ ಗಟ್ಟಿಯಾಗುತ್ತದೆ, ಬೀಳದಿದ್ದರೆ ಸೊರಗುತ್ತದೆ. ತಿಂಗಳುಗಟ್ಟಲೆ ಕಾಡುವ ನೋವಿನಲ್ಲಿ ಅದರ ಎಳೆಗಳ ಜೋಡಣೆಯೇ ಕೆಟ್ಟಿರುತ್ತದೆ. ವಿಶ್ರಾಂತಿಯಿಂದ ನೋವು ಅಡಗೀತು, ಎಳೆಗೆ ಬಲ ಬಾರದು. ಸ್ವೀಡನ್ನಿನ ಉಮಿಯೋದ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಕ್ರಮ ತೀರಾ ಸರಳ: ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು. ಮಂಡಿ ನೇರವಾಗಿಟ್ಟು 15ರಂತೆ 3 ಸುತ್ತು, ಬಾಗಿಸಿ ಮತ್ತೆ ಅಷ್ಟೇ. ದಿನಕ್ಕೆರಡು ಬಾರಿ, 12 ವಾರ. ನೋವಾದರೂ ಬಿಡುವಂತಿಲ್ಲ, ಕಾಲೂರಲಾಗದಷ್ಟಾದರೆ ಮಾತ್ರ ನಿಲ್ಲಿಸಬೇಕು. 2015ರ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ವಾರಕ್ಕೆ ಮೂರೇ ದಿನ ಹೆಚ್ಚು ತೂಕ ಹೊತ್ತು ನಿಧಾನವಾಗಿ ವ್ಯಾಯಾಮ ಮಾಡಿದವರಿಗೂ ಅಷ್ಟೇ ಗುಣ ಸಿಕ್ಕಿತು. ಅಂದರೆ ಭಂಗಿಯಲ್ಲೇನೂ ಮಂತ್ರವಿಲ್ಲ; ಕೆಲಸ ಮಾಡುವುದು ಅಳತೆಯ ಭಾರ ಮತ್ತು ತಾಳ್ಮೆ. (ಸ್ನಾಯುರಜ್ಜು ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲೇ ನೋವಿದ್ದವರು ಮೆಟ್ಟಿಲ ಮಟ್ಟಕ್ಕಿಂತ ಕೆಳಗಿಳಿಸದಿರುವುದು ಲೇಸು.)

ತಾಳ್ಮೆಯನ್ನು ಮಾರುವುದು ಕಷ್ಟ, ಇಂಜೆಕ್ಷನ್ ಮಾರುವುದು ಸುಲಭ. ಸ್ಟೀರಾಯ್ಡ್ ಚುಚ್ಚಿದರೆ ಕೆಲವು ವಾರ ಆರಾಮ ಸಿಗುವುದು ನಿಜ. ಆದರೆ ಮೊಣಕೈಯ ಹೊರಬದಿಯ ಸ್ನಾಯುರಜ್ಜು ನೋಯುವ ಟೆನಿಸ್ ಎಲ್ಬೋದಲ್ಲಿ ಚುಚ್ಚಿಸಿಕೊಂಡವರ ಸ್ಥಿತಿ ತಿಂಗಳುಗಳ ನಂತರ ಬೇರೆ ಚಿಕಿತ್ಸೆ ಪಡೆದವರಿಗಿಂತ ಹಿಂದೆ ಬಿದ್ದದ್ದನ್ನು 2010ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ವಿಮರ್ಶೆ ತೋರಿಸಿತು.

ಹಾಗಾದರೆ ಎಲ್ಲರಿಗೂ ಭಾರವೇ ಮದ್ದೇ? ಅದೇ ಬೀದಿಯಲ್ಲಿ ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಬಟ್ಟೆ ಹಿಂಡುವ ಹೆಂಗಸಿಗೂ ಮೊಣಕೈ ನೋಯುತ್ತದೆ. ಆಕೆಗೆ ಭಾರದ ಕೊರತೆಯಿಲ್ಲ, ಅದನ್ನು ಏರಿಸುವ ಇಳಿಸುವ ಅಧಿಕಾರ ಆಕೆಯ ಕೈಯಲ್ಲಿಲ್ಲ. ವ್ಯಾಯಾಮದ ಚೀಟಿ ಕೊಟ್ಟು ಕಳಿಸಿದರೆ ಅದು ಚಿಕಿತ್ಸೆಯಲ್ಲ, ಇನ್ನೊಂದು ಮನೆಯ ಕೆಲಸ. ಮೊದಲು ದುಡಿಮೆಯ ಹೊರೆ ತಗ್ಗಬೇಕು, ಆಮೇಲೆ ಅಳೆದ ಭಾರ. ನಿಮ್ಮ ಮನೆಗೆ ಬರುವವರು ಕೈ ನೋವೆಂದರೆ ಒಂದೆರಡು ತಿಂಗಳು ಬಟ್ಟೆ ಹಿಂಡುವುದನ್ನು ವಾಷಿಂಗ್ ಮಷೀನಿಗೆ ಬಿಡಿ, ಸಂಬಳ ಮಾತ್ರ ಹಿಡಿಯಬೇಡಿ.