ಬೀರುವಿನಲ್ಲಿ ನಿಂತ ವಾಚು

ಪುಟಾಣಿಗಳೇ, ಹಳೇ ಯಂತ್ರ ಕೂಡಿಟ್ಟು ರಿಪೇರಿ ಮಾಡುವ ಹುಚ್ಚು ಲೋಕದಲ್ಲೆಲ್ಲ ಇದೆ. ಕೆಲವರಿಗೆ ವ್ಯಾಕ್ಯೂಮ್ ಕ್ಲೀನರ್, ನಮ್ಮ ತುಮಕೂರು ಸೀಮೆಯವರಿಗೆ ಎಚ್‌ಎಂಟಿ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚಿನ ಕಾರ್ಖಾನೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಒಂದಾಯಿತು. ಆಗ ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ಕೊಡುವುದೇ ಮರ್ಯಾದೆ. ಬ್ಯಾಂಕಿನಲ್ಲಿ ನಮ್ಮಂಥ ಗುಮಾಸ್ತರ ಕೈಯಲ್ಲೂ ಅದೇ. ಈಗ ತುಮಕೂರಿನ ಕಾರ್ಖಾನೆ ಮುಚ್ಚಿದೆ. ಕುಣಿಗಲ್‌ನ ಎಷ್ಟೋ ಬೀರುಗಳಲ್ಲಿ ವಾಚುಗಳು ಮಾತ್ರ ಉಳಿದಿವೆ.

ಅವುಗಳಲ್ಲಿ ಕೀ ಕೊಡುವಂಥವಕ್ಕೆ ಸೆಲ್ ಬೇಡ. ಕೀ ಕೊಟ್ಟರೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಡಯಲ್ ಮೇಲೆ ‘17 ಜ್ಯುವೆಲ್ಸ್’ ಅಂತಿದ್ದರೆ, ಉಜ್ಜುವ ಜಾಗ ಸವೆಯದಂತೆ 17 ಪುಟ್ಟ ಕೃತಕ ಮಾಣಿಕ್ಯ ಕೂರಿಸಿದ್ದಾರೆ ಎಂದರ್ಥ.

ವರ್ಷಗಟ್ಟಲೆ ಸುಮ್ಮನಿಟ್ಟರೆ ಒಳಗಿನ ಎಣ್ಣೆ ಒಣಗಿ ಅಂಟಾಗುತ್ತದೆ. ಅಂಥ ವಾಚಿಗೆ ಬಲವಂತವಾಗಿ ಕೀ ಕೊಡಬೇಡಿ. ಕೊಬ್ಬರಿ ಎಣ್ಣೆಯನ್ನಂತೂ ಬಿಡಲೇಬೇಡಿ. ಬಿಚ್ಚಿ, ತೊಳೆದು, ಸೂಜಿಮೊನೆಯಷ್ಟು ವಾಚಿನ ಎಣ್ಣೆ ಹಾಕಬಲ್ಲ ಹಳೇ ರಿಪೇರಿಯವರಿಗೆ ಕೊಡಿ. ಡಯಲ್‌ಗೆ ಹೊಸ ಬಣ್ಣ ಹೊಡೆಸಬೇಡಿ. ಆ ಮಾಸಲು ಬಣ್ಣವೇ ಅದರ ವಯಸ್ಸಿಗೆ ಸಾಕ್ಷಿ.

ಆ ರಿಪೇರಿಯ ಕೈಗಳಿಗೂ ಈಗ ವಯಸ್ಸಾಗಿದೆ. ಆದ್ದರಿಂದ ಮಕ್ಕಳೇ, ವಾಚು ಕೊಟ್ಟು ಓಡಿಬರಬೇಡಿ, ಪಕ್ಕದಲ್ಲಿ ಕೂತು ನೋಡಿ ಕಲಿಯಿರಿ. ತಾತಂದಿರೇ, ಈ ಭಾನುವಾರ ಬೀರು ತೆಗೆಯಿರಿ. ವಾಚು ಯಾರು, ಯಾವಾಗ ಕೊಟ್ಟರು ಅಂತ ಮೊಮ್ಮಕ್ಕಳಿಗೆ ಹೇಳಿ. ಅದನ್ನು ಯಾವ ರಿಪೇರಿಯವರೂ ಹೇಳಲಾರರು.