ಕುದಿ ಬಂದ ಮೇಲೂ ದೊಡ್ಡ ಉರಿ ಯಾಕೆ?



ಗ್ಯಾಸಿನ ರೇಟು ಏರಿದಾಗಲೆಲ್ಲ ನಾವು ಸಭೆ ಸೇರಿ, ಸರಕಾರವನ್ನು ಬೈದು, ಚಾ ಕುಡಿದು ಮನೆಗೆ ಹೋಗುತ್ತೇವೆ. ಬೈಯುವುದು ತಪ್ಪಲ್ಲ. ಆದರೆ ನಮ್ಮದೇ ಅಡುಗೆಮನೆಯಲ್ಲಿ ಗ್ಯಾಸು ಎಲ್ಲಿ ಸೋರಿಹೋಗುತ್ತದೆ ಎಂದು ನಿಂತು ನೋಡಿದವರು ಎಷ್ಟು ಮಂದಿ?

ಸಾಂಬಾರಿನ ಬೇಳೆ ತಕತಕ ಕುದಿಯುತ್ತಿರುತ್ತದೆ, ಬರ್ನರ್ ಪೂರ್ತಿ ತೆರೆದಿರುತ್ತದೆ. ಕೇಳಿದರೆ ಭಟ್ರು "ಬೇಗ ಬೇಯಲಿ ಅಂತ, ಧನಿ" ಎನ್ನುತ್ತಾರೆ. ಇಲ್ಲ ಮಾರಾಯ್ರೆ, ಬೇಯುವುದಿಲ್ಲ. ಮುಂಬಯಿಯಂಥ ಕಡಲತಡಿಯ ಊರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕುದಿಯುತ್ತದೆ. ಉರಿ ಎಷ್ಟು ಏರಿಸಿದರೂ ಅದಕ್ಕಿಂತ ಬಿಸಿಯಾಗದು. ಮತ್ತೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡಲಿಕ್ಕೇ ಖರ್ಚು. ಥರ್ಮಾಮೀಟರಿಗೆ ಕಾಣಿಸದ ಈ ಶಾಖವನ್ನೇ ಶಾಲೆಯಲ್ಲಿ ಗುಪ್ತೋಷ್ಣ ಎಂದು ಬಾಯಿಪಾಠ ಮಾಡಿದ್ದೆವು. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಅದನ್ನು ಅಳೆದು ತೋರಿಸಿದ್ದರು.

ಲೆಕ್ಕ ನೋಡಿ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು 75 ಕಿಲೋ ಕ್ಯಾಲೊರಿ ಸಾಕು. ಅದೇ ಲೀಟರನ್ನು ಆವಿ ಮಾಡಲು 540 ಬೇಕು, ಅಂದರೆ ಏಳು ಪಾಲು! ಒಂದು ಕಿಲೋ ಗ್ಯಾಸಿನಲ್ಲಿ ಸುಮಾರು 11,000 ಕಿಲೋ ಕ್ಯಾಲೊರಿ ಇದೆ. ಅದರಲ್ಲಿ ಅರ್ಧ ಪಾತ್ರೆಗೆ ತಲುಪಿತು ಎಂದಿಟ್ಟುಕೊಂಡರೂ, ಹತ್ತು ಲೀಟರ್ ನೀರು ಸುಮ್ಮನೆ ಆವಿಯಾದರೆ ಒಂದು ಕಿಲೋ ಗ್ಯಾಸು ಎಕ್ಸಾಸ್ಟ್ ಫ್ಯಾನಿನಲ್ಲಿ ಹೊರಗೆ ಹೋದಂತೆ. ಪಾಯಸ ಗಟ್ಟಿಯಾಗಲು ನೀರು ಆರಲೇಬೇಕು, ಅದು ಬೇರೆ ಮಾತು. ಬೇಳೆಗೆ, ಅನ್ನದ ಎಸರಿಗೆ ಕುದಿ ಬಂದೊಡನೆ ಉರಿ ತಗ್ಗಿಸಿ, ಮುಚ್ಚಳ ಓರೆ ಮಾಡಿ ಇಟ್ಟರೆ ಸಾಕು.

ಎಣ್ಣೆಯ ಕತೆ ಬೇರೆ. ಅದರ ವಿಶಿಷ್ಟೋಷ್ಣ ನೀರಿನದರ ಅರ್ಧದಷ್ಟು, ಬೇಗ ಕಾಯುತ್ತದೆ. ನೂರಕ್ಕೆ ನಿಲ್ಲುವ ಗುಣವೂ ಇಲ್ಲ. ಮರೆತು ಬಿಟ್ಟರೆ ಹೊಗೆ, ಆಮೇಲೆ ಬೆಂಕಿ.

ನಮ್ಮ ಇಡ್ಲಿ ಬೇಯುವುದೂ ಈ ಗುಪ್ತೋಷ್ಣದಿಂದಲೇ. ಆವಿ ಹಿಟ್ಟಿನ ಮೇಲೆ ನೀರಾಗುವಾಗ ಆ 540ನ್ನು ವಾಪಸು ಕೊಡುತ್ತದೆ. ಹಿಟ್ಟಿನ ಬದಲು ಕೈ ಸಿಕ್ಕಿದರೆ? ನನ್ನ ಹೋಟೆಲಿನಲ್ಲೇ ಹೊಸ ಹುಡುಗನೊಬ್ಬ ಬೆಳಗ್ಗಿನ ಗಡಿಬಿಡಿಯಲ್ಲಿ ಸ್ಟೀಮರಿನ ಬಾಗಿಲು ಎದುರು ನಿಂತೇ ತೆರೆದ. ಮುಂಗೈ ಚರ್ಮ ಎದ್ದುಬಂತು. ಒಂದು ಗ್ರಾಂ ಕುದಿನೀರು ಮೈಯ ಬಿಸಿಗೆ ಇಳಿಯುವಾಗ ಕೊಡುವುದು 63 ಕ್ಯಾಲೊರಿ, ಆವಿಯಾದರೆ 603. ಗ್ಯಾಸು ಬಂದ್ ಮಾಡಿ, ಬದಿಗೆ ನಿಂತು ಬಾಗಿಲು ಸ್ವಲ್ಪವೇ ಸರಿಸು ಎಂದು ಅವನಿಗೆ ಹೇಳಬೇಕಾಗಿದ್ದವನು ನಾನು. ಹೇಳಿರಲಿಲ್ಲ. ಯಾರೋ ಟೂತ್‌ಪೇಸ್ಟ್ ಹಚ್ಚಲು ಹೊರಟಿದ್ದರು. ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ನಳ್ಳಿಯ ತಣ್ಣೀರಿನಡಿ ಹಿಡಿಯಬೇಕೆಂದು ನನಗೆ ಗೊತ್ತಾದದ್ದು ಡಾಕ್ಟರರಿಂದ.

ಸಂಘದ ವಾರ್ಷಿಕೋತ್ಸವಕ್ಕೆ ನಾವು ಧಾರಾಳವಾಗಿ ಖರ್ಚು ಮಾಡುತ್ತೇವೆ, ಮಾಡೋಣ. ಜೊತೆಗೆ ಭಟ್ರುಗಳಿಗೆ, ಹುಡುಗರಿಗೆ ಒಂದು ಮಧ್ಯಾಹ್ನದ ತರಬೇತಿಯನ್ನೂ ಇಡಬೇಕು. ಕನ್ನಡದಲ್ಲೂ ಹಿಂದಿಯಲ್ಲೂ ಆಗಲಿ, ಈಗ ನಮ್ಮ ಹುಡುಗರೆಲ್ಲ ಊರಿನವರಲ್ಲ. ಮೂರರಿಂದ ಐದರವರೆಗೆ ನನ್ನ ಅಡುಗೆಮನೆ ಬಿಟ್ಟುಕೊಡುತ್ತೇನೆ, ಚಾ ತಿಂಡಿಯೂ ನನ್ನದೇ.