ಹಕ್ಕಿ ಬೇಕು, ಕೆರೆ ದಡ ಬೇಡವೇ?

ಚಳಿಗಾಲ ಬಂತೆಂದರೆ ಕೆರೆ ಏರಿಯ ಮೇಲೆ ಮೊಬೈಲ್ ಹಿಡಿದವರ ಸಾಲು. ಫೋಟೊ ತೆಗೆಯಲಿ, ಸಂತೋಷ. ನಮ್ಮ ತಕರಾರು ಇರುವುದು ‘ನೀರು ಕ್ಲೀನಾಗಿ ಬರಬೇಕು’ ಎಂಬ ಹಟದ ಬಗ್ಗೆ. ಬಾತುಕೋಳಿ ಪಕ್ಕ ನೀರಿನಲ್ಲಿ ಕರೆಂಟ್ ಕಂಬವೋ, ತಗಡಿನ ಶೆಡ್ಡೋ, ಬಟ್ಟೆ ಒಗೆಯುವವರೋ ಕಂಡರೆ ಫೋಟೊ ಕೆಟ್ಟಿತಂತೆ. ಅದಕ್ಕೆ ಕೆಲವರು ಕಲ್ಲೆಸೆದು ಹಕ್ಕಿ ಎಬ್ಬಿಸುತ್ತಾರೆ. ಕೆಲವರು ಮನೆಗೆ ಹೋಗಿ ಪ್ರತಿಬಿಂಬವನ್ನು ಬೆರಳಲ್ಲಿ ಉಜ್ಜಿ ಅಳಿಸುತ್ತಾರೆ. ಎರಡೂ ಬೇಡ.

ಮೊದಲು ಕಲ್ಲಿನ ಮಾತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದವು. ಬೇಸಿಗೆ ಬಲಿಯುವಷ್ಟರಲ್ಲಿ ಮತ್ತೆ ಅದೇ ದಾರಿ ಹಿಡಿಯಬೇಕು. ಹಗಲು ಅವು ನೀರಿನ ಮೇಲೆ ಸುಮ್ಮನೆ ಕೂತಿದ್ದರೆ ಅದು ದಣಿವಾರಿಸಿಕೊಳ್ಳುವ ಹೊತ್ತು. ನಾಮದ ಕೋಳಿಯಂತೂ ಕೂತಲ್ಲಿಂದ ನೆಗೆದು ಹಾರಲಾರದು, ನೀರಿನ ಮೇಲೆ ಓಡಿ ಓಡಿಯೇ ಮೇಲೇಳಬೇಕು. ನಿಮ್ಮ ಒಂದು ಫೋಟೊಗೆ ಅದರ ಮೈಯ ಶಕ್ತಿ ಖರ್ಚು. 2024ರಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ರಾಮ್ಸರ್ ಪಟ್ಟಿಗೆ ಸೇರಿದವು. ಪಟ್ಟಿಯೊಂದೇ ಕಲ್ಲು ತಡೆಯುವುದಿಲ್ಲ.

ಕಲ್ಲು ಬೇಕಾಗಿಯೂ ಇಲ್ಲ. ಪ್ರತಿಬಿಂಬದ ಲೆಕ್ಕ ಸರಳ. ಏರಿಯ ಮೇಲೆ ನಿಂತು ತೆಗೆದರೆ ಹಕ್ಕಿಯ ಸುತ್ತ ಹೆಚ್ಚಾಗಿ ಬಿಳಿ ಆಕಾಶ ಬೀಳುತ್ತದೆ. ಆ ಬೆಳಕಿಗೆ ಮೊಬೈಲ್ ಮೋಸಹೋಗಿ ಹಕ್ಕಿಯನ್ನು ಕಪ್ಪು ಮುದ್ದೆ ಮಾಡುತ್ತದೆ. ಪರದೆಯಲ್ಲಿ ಹಕ್ಕಿಯ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಏರಿಸಿ. ದಡದಲ್ಲಿ ಕೆಳಗೆ ಕುಂತರೆ ಆಚೆ ದಡದ ಬಿಂಬ ಬರುತ್ತದೆ. ಆಚೆ ಹಸಿರು ಹೊಲವಿದ್ದರೆ ನೀರೂ ಹಸಿರು. ಕಂಬ ಅಡ್ಡ ಬಂದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಇಲ್ಲವೇ ಹಕ್ಕಿ ತಾನೇ ಸರಿಯುವವರೆಗೆ ಕಾಯಿರಿ. ಬೆಳಿಗ್ಗೆ ಬೇಗ ಹೋಗಿ, ಸೂರ್ಯ ನಿಮ್ಮ ಬೆನ್ನಿಗಿರಲಿ. ಕ್ಯಾಮೆರಾದವರು ಹಾಕುವ ಪೋಲರೈಸರ್ ಗಾಜು ನೀರಿನ ಹೊಳಪನ್ನು ಕಡಿಮೆ ಮಾಡುತ್ತದೆ ನಿಜ, ಆದರೆ ಬೆಳಕನ್ನೂ ತಿನ್ನುತ್ತದೆ. ತೀರಾ ತಗ್ಗಿನಿಂದ ತೆಗೆದರೆ ಅದರ ಉಪಯೋಗವೂ ಕಡಿಮೆ.

ಇಷ್ಟು ಮಾಡಿದರೂ ಕಂಬ ಉಳಿದರೆ? ಉಳಿಯಲಿ ಬಿಡಿ.

‘ಇದು ಕಲೆ, ಸುದ್ದಿಯಲ್ಲ, ಅಳಿಸಿದರೆ ಯಾರಿಗೆ ನಷ್ಟ?’ ಎನ್ನುತ್ತಾರೆ. ನಿಮ್ಮ ಮನೆ ಗೋಡೆಗೆ ಹಾಕುವ ಚಿತ್ರವಾದರೆ ಏನಾದರೂ ಮಾಡಿಕೊಳ್ಳಿ. ಕೆಳಗೆ ಊರಿನ ಹೆಸರು ಬರೆದು ಹಂಚಿದ ಕೂಡಲೇ ಅದು ಸಾಕ್ಷಿಯಾಗುತ್ತದೆ. ನೀವು ಉಜ್ಜಿ ತೆಗೆದ ತಂತಿಗೇ ಬಡಿದು ದೊಡ್ಡ ಹಕ್ಕಿಗಳು ಸಾಯುತ್ತವೆ. ನೀವು ಅಳಿಸಿದ ಮಣ್ಣಿನ ಗುಡ್ಡೆಯೇ ನಾಳೆ ಒತ್ತುವರಿಯಾಗಬಹುದು. ಆಗ ‘ಹೋದ ವರ್ಷ ಇಲ್ಲಿತನಕ ನೀರಿತ್ತು’ ಎಂದು ತೋರಿಸಲು ಊರಲ್ಲಿ ಒಂದಾದರೂ ನಿಜವಾದ ಫೋಟೊ ಬೇಡವೇ?

ಇನ್ನೂ ಒಂದು ಅನ್ಯಾಯವಿದೆ. ಮನುಷ್ಯರಿಲ್ಲದ ಕೆರೆಯ ಚಿತ್ರಗಳನ್ನೇ ನೋಡಿ ನೋಡಿ, ಕೆರೆ ಎಂದರೆ ಹೀಗೇ ಇರಬೇಕು ಎಂದು ಹೊರಗಿನವರು ನಂಬುತ್ತಾರೆ. ಆಮೇಲೆ ಬಟ್ಟೆ ಒಗೆಯುವ ಅಕ್ಕ, ಎಮ್ಮೆ ಮೈತೊಳೆಯುವ ಅಣ್ಣ ಹಕ್ಕಿಗೆ ಶತ್ರುಗಳಾಗಿ ಕಾಣುತ್ತಾರೆ. ಈ ಕೆರೆಗಳು ತಾವಾಗಿ ಹುಟ್ಟಿದವಲ್ಲ. ಮಣ್ಣು ಹೊತ್ತು ಏರಿ ಕಟ್ಟಿದವರು, ಹೂಳೆತ್ತಿದವರು ಊರವರು. ನೀರು ನಿಂತ ಮೇಲೆ ಹಕ್ಕಿ ಬಂತು. ಅವರ ಬಿಂಬವನ್ನು ನೀರಿನಿಂದ ತೆಗೆದುಹಾಕಲು ನಾವು ಯಾರು?

ಈ ಸಲ ಕೆರೆಗೆ ಹೋದಾಗ ತೆಗೆದದ್ದನ್ನು ತೆಗೆದ ಹಾಗೇ ಇಡಿ. ಕೆರೆಯ ಹೆಸರು, ತಾರೀಕು ಬರೆಯಿರಿ. ಪಕ್ಕದವನು ಕಲ್ಲೆತ್ತಿದರೆ ವಿಡಿಯೊ ಮಾಡುತ್ತ ನಿಲ್ಲಬೇಡಿ, ಮೊದಲು ಅವನ ಕೈ ಹಿಡಿಯಿರಿ.